ಯಮಕನಮರಡಿ ತಿರುವಿನಲ್ಲಿ ಶಂಕ್ರವ್ವ

ಯಮಕನಮರಡಿ ಹತ್ತಿರದ ಇಳಿಜಾರಿನ ತಿರುವಿನಲ್ಲಿ ಗಾಡಿಗಳು ಜಾರುವುದು ಮಾಮೂಲಾಗಿತ್ತು. ಲಾರಿ ಚಕ್ರಗಳು ಉಜ್ಜಿ ಉಜ್ಜಿ ಡಾಂಬರು ನುಣುಪಾಗಿತ್ತು. ಮಳೆ ಬಿದ್ದರಂತೂ ಬ್ರೇಕ್ ಹಾಕಿದ ಗಾಡಿ ನಿಲ್ಲುತ್ತಲೇ ಇರಲಿಲ್ಲ. ಮೇ ತಿಂಗಳಲ್ಲಿ ಅಲ್ಲಿ ಜಾರದಂಥ ಹೊದಿಕೆ ಹಾಕುವ ಕೆಲಸ ಶುರುವಾಯಿತು. ರಸ್ತೆಯನ್ನು ಸ್ವಚ್ಛ ಮಾಡಿ, ಅಂಟು ಬಳಿದು, ಮೇಲೆ ಗಟ್ಟಿ ಕಲ್ಲಿನ ಸಣ್ಣ ಹರಳು ಉದುರಿಸಬೇಕು. ಅಂಟು ಒಣಗಿದ ಮೇಲೆ ಆ ತರಿ ಟೈರನ್ನು ಬಿಗಿಯಾಗಿ ಹಿಡಿಯುತ್ತದೆ.

ಕೆಲಸದ ಹೊಣೆ ತರುಣ ಎಂಜಿನಿಯರ್ ಸೋಮಶೇಖರನದು. ಗುಡಿಸುವ ಹೆಂಗಸರಿಗೆ ಮೇಲವಂಕಿಯ ಶಂಕ್ರವ್ವ ಮುಂದಾಳು. ಐವತ್ತು ದಾಟಿದ ಹೆಂಗಸು. ಗುಡಿಸಿದ ಮೇಲೂ ಅಂಗೈಯಿಂದ ರಸ್ತೆ ಸವರಿ ನೋಡದೆ ಆಕೆ ಮೇಲೇಳುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಂಟು ಕಲಸಲು ಎಲ್ಲ ಸಿದ್ಧವಾಗಿತ್ತು. ಕಲಸಿದ ಅಂಟು ಕಾಲು ತಾಸಿನಲ್ಲಿ ಗಟ್ಟಿಯಾಗಿಬಿಡುತ್ತದೆ. ಅಷ್ಟರಲ್ಲಿ ಶಂಕ್ರವ್ವ ಕೈ ಎತ್ತಿದಳು.

"ಸಾಹೇಬ್ರ, ತಡೀರಿ. ಇಲ್ಲಿ ಡೀಸೆಲ್ ಬಿದ್ದೈತಿ."

ಸೋಮಶೇಖರ ಬಗ್ಗಿ ನೋಡಿದ. ಏನೂ ಕಾಣಲಿಲ್ಲ. "ಎಲ್ಲಾ ಒಣಗೇತಲ್ಲ ಯವ್ವಾ. ಸಂಜಿಗೆ ರಸ್ತಾ ಬಿಡಬೇಕು, ಬಾಜೂ ಸರಿ."

ಆಕೆ ಸರಿಯಲಿಲ್ಲ. "ಎಣ್ಣಿ ಚೆಲ್ಲಿದ ನೆಲಕ್ಕ ಸಗಣಿ ಸಾರಿಸಿದ್ರ ಹಿಡಿತೈತೇನ್ರಿ? ಹಕ್ಕಳಿ ಎದ್ದಂಗ ಏಳ್ತೈತಿ. ವಾಸನಿ ನೋಡ್ರಿ ಬೇಕಾದ್ರ."

ಕೂಲಿಯವರೆಲ್ಲ ನೋಡುತ್ತಿದ್ದರು. ಸೋಮಶೇಖರನಿಗೆ ಸಿಟ್ಟು ಬಂತು. ಆದರೂ ಒಂದು ಬಾಟಲಿ ನೀರು ತರಿಸಿ ಅಲ್ಲಿ ಸುರಿದ. ಸುತ್ತಲಿನ ರಸ್ತೆ ಒದ್ದೆಯಾಯಿತು. ಎರಡು ಮಾರು ಜಾಗದಲ್ಲಿ ಮಾತ್ರ ನೀರು ಹನಿಹನಿಯಾಗಿ ಉರುಳಿತು. ಅವನ ಮುಖ ಕೆಂಪಾಯಿತು.

"ಖರೆ ಐತಿ," ಎಂದ. "ಇವತ್ತ ಅಂಟು ಬ್ಯಾಡ. ತೊಳೀರಿ."

ಶಂಕ್ರವ್ವ ಸೆರಗು ಸಿಕ್ಕಿಸಿ ಮಂಡಿಯೂರಿ ಕೂತಳು. ಸೋಪಿನ ಪುಡಿ ಹಾಕಿ ಮೂರು ಸಲ ತಿಕ್ಕಿದಳು. ಮರುದಿನ ಬಿಸಿಲಿಗೆ ಪೂರ್ತಿ ಒಣಗಿದ ಮೇಲೆಯೇ ಅಂಟು ಬಿತ್ತು.

ಜೂನ್‌ನಲ್ಲಿ ಒಂದು ಮಧ್ಯಾಹ್ನ ಸೋಮಶೇಖರ ಹೊದಿಕೆ ಪರೀಕ್ಷಿಸಲು ಬಂದಿದ್ದ. ಜೋರು ಮಳೆ. ಕುರಿಗಾರ ರಾಯಪ್ಪನ ಹಿಂಡು ಒಮ್ಮೆಲೆ ರಸ್ತೆಗೆ ನುಗ್ಗಿತು. ಮೇಲಿನಿಂದ ಹಾಲಿನ ವ್ಯಾನೊಂದು ಇಳಿಯುತ್ತಿತ್ತು. ವ್ಯಾನು ಬ್ರೇಕ್ ಹಾಕಿ, ಒಂದಿಷ್ಟೂ ಅಡ್ಡ ತಿರುಗದೆ, ಕುರಿಗಳಿಗೆ ಎರಡು ಮಾರು ದೂರದಲ್ಲಿ ನಿಂತಿತು. ನಿಂತದ್ದು ಶಂಕ್ರವ್ವ ತಿಕ್ಕಿದ ಜಾಗದಲ್ಲೇ.

ಚಾಲಕ ಇಳಿದು ಚಪ್ಪಲಿಯಿಂದ ರಸ್ತೆ ಕೆರೆದು ನೋಡಿದ. ರಾಯಪ್ಪ ಮಳೆಯಲ್ಲೇ ಕೈ ಮುಗಿದು ನಿಂತುಬಿಟ್ಟ. "ಹ್ವಾದ ವರ್ಷ ಇಲ್ಲೇ ನಾಕ್ ಕುರಿ ಸತ್ತಿದ್ವುರಿ," ಎಂದ.

ಮರುವಾರ ಹುಕ್ಕೇರಿ ರಸ್ತೆಯ ಕೆಲಸದಲ್ಲಿ ಸೋಮಶೇಖರ ಇದನ್ನೆಲ್ಲ ಶಂಕ್ರವ್ವನಿಗೆ ಹೇಳಿದ.

"ಕುರಿ ಎಲ್ಲಾ ದಾಟಿದ್ವೇನ್ರಿ?" ಆಕೆ ಕೇಳಿದ್ದು ಅಷ್ಟೇ.

"ಎಲ್ಲಾ ದಾಟಿದ್ವು."

"ಛಲೋ ಆತು ಬಿಡ್ರಿ."

ಸೋಮಶೇಖರ ಅಂಟಿನ ಡಬ್ಬಿಗಳ ಹತ್ತಿರ ಹೋಗಿ ಹೊಸ ಕೂಲಿಯವರಿಗೆ ಗಟ್ಟಿಯಾಗಿ ಹೇಳಿದ: "ಶಂಕ್ರವ್ವಾರು ಹೂಂ ಅನ್ನೂತನಕ ಯಾರೂ ಡಬ್ಬಿ ಬಿಚ್ಚಬ್ಯಾಡ್ರಿ."