ಅಕ್ಟೋಬರ್ ಬರುವವರೆಗೆ

ಹಾರುತ್ತದೆ ಈಗ ಈ ಹೆಂಗಸಿನ ಟೋಪಿ, ಒಂದು ಕೈಯಲ್ಲಾದರೂ ಹಿಡಿದುಕೊಳ್ಳಬಾರದೇ, ಹಡಗಿನ ಮೇಲೆ ಇಷ್ಟು ಗಾಳಿ, ಹಾರಿಯೇ ಹೋಯಿತು, ಅವಳು ನಗುತ್ತಾಳೆ, ಗಂಡನೂ ನಗುತ್ತಾನೆ, ಕಳೆದುಕೊಂಡದ್ದಕ್ಕೆ ನಗುವ ಜನ, ಜರ್ಮನಿಯವರಿರಬೇಕು, ಈ ತಿಂಗಳಲ್ಲಿ ಬರುವವರು ಹೆಚ್ಚಾಗಿ ಅವರೇ, ನಾನು ನಾಕ್ಸೋಸ್ ದ್ವೀಪದವಳೆಂದು ತಿಳಿದ ಕೂಡಲೇ ಮುರುಕು ಗ್ರೀಕಿನಲ್ಲಿ ಕೇಳಿದ್ದಳು, ಸಮುದ್ರ ಇನ್ನೂ ಬೆಚ್ಚಗಿದೆಯಾ, ಜನ ಎಲ್ಲ ಹೋಗಿಬಿಟ್ರಂತೆ, ನಾವು ಒಳ್ಳೇ ಟೈಮಿಗೆ ಬಂದ್ವಿ ಅಲ್ವಾ — ಹೌದಮ್ಮ, ಒಳ್ಳೇ ಟೈಮು, ಅಂದೆ, ಇನ್ನೇನು ಹೇಳಲಿ, ನಾವು ಸತ್ತವರನ್ನು ಹೂತ ಮೂರು ವರ್ಷಕ್ಕೆ ಅಗೆದು ತೆಗೆಯುವ ಟೈಮು ಎನ್ನಲೇ, ನನ್ನ ಈ ಚೀಲದಲ್ಲಿ ಏನಿದೆಯೆಂದು ತೋರಿಸಲೇ, ಒಂದು ಬಾಟಲಿ ದ್ರಾಕ್ಷಾರಸ, ಹೊಸ ಬಿಳಿ ದಿಂಬಿನ ಚೀಲ, ಅದರ ಬಾಯಿಗೆ ನಾನೇ ಹೊಲಿದ ದಾರ, ತಮ್ಮನ ಮೂಳೆ ತೊಳೆದು ತುಂಬುವುದಕ್ಕೆ. ಮೇ ತಿಂಗಳಿಂದ ಸೆಪ್ಟೆಂಬರಿನ ಕೊನೆಯವರೆಗೆ ಊರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ, ಪ್ರವಾಸಿಗರ ಹಾಸಿಗೆ ಬಟ್ಟೆ ಬದಲಾಯಿಸಬೇಕು, ಮೀನು ಹುರಿಯಬೇಕು, ಸತ್ತವರು ಕಾಯಬೇಕು, ಕಾಯುತ್ತಾರೆ ಪಾಪ. ಆಮೇಲೆ ಫೋನು ಬರುತ್ತದೆ. ಮರಿಯೆಟ್ಟಾಳ ದನಿ, ತಮ್ಮನ ಹೆಂಡತಿ, ಅಮ್ಮ ಹೋದ ಮೇಲಿನ ಐದು ವರ್ಷದಲ್ಲಿ ಅವಳಾಗಿ ಫೋನು ಮಾಡಿದ್ದು ಇದು ಮೂರನೇ ಸಲ, ಅಕ್ಕಾ, ಯಾಕೂಮಿಸ್ ಹೋಗಿ ಮೂರು ವರ್ಷ ಆಯ್ತು, ಗುರುವಾರ ತೆಗೀತೀವಿ, ನೀವು ಬರ್ಲೇಬೇಕು, ನೀವಿಲ್ದೆ ಮುಟ್ಟೋದಿಲ್ಲ ನಾನು. ನಾನು ಯಾಕೆ ಎಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಅವತ್ತು ಅಮ್ಮನ ಶವಪೆಟ್ಟಿಗೆಯ ಪಕ್ಕ ನಾನು ಆ ಮಾತು ಆಡಿದಾಗ ಅವಳು ನನ್ನ ತೋಳಿಗೆ ತಾಗಿಕೊಂಡೇ ನಿಂತಿದ್ದಳು. ಮಣ್ಣು ನಿನ್ನ ತಿನ್ನದೇ ಹೋಗ್ಲಿ ಯಾಕೂಮಿಸ್. ನಮ್ಮಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ, ಕೊಲೆಗಾರನಿಗೂ ಯಾರೂ ಅನ್ನುವುದಿಲ್ಲ, ಹಾಗೆ ಅನ್ನಿಸಿಕೊಂಡವನು ಕರಗುವುದಿಲ್ಲವಂತೆ, ನೆಲದ ಕೆಳಗೆ ಇಡಿಯಾಗಿ ಬಿದ್ದಿರುತ್ತಾನಂತೆ, ಅಂದವರೇ ಬಂದು ಬಾಯಿಬಿಟ್ಟು ಕ್ಷಮಿಸುವವರೆಗೆ. ಅಜ್ಜಿಯರ ಕಥೆ. ನಾನು ಮೂವತ್ತು ವರ್ಷದಿಂದ ಪಿರೇಯಸ್ ಪಟ್ಟಣದಲ್ಲಿ ಪರದೆ ಹೊಲಿಯುವವಳು, ಬೆಳಿಗ್ಗೆ ಒಂದು ಬಿಪಿ ಮಾತ್ರೆ, ರಾತ್ರಿ ಒಂದು, ನನ್ನ ನಂಬಿಕೆ ಅಷ್ಟೇ, ಆದರೂ ಚೀಲವನ್ನು ತೊಡೆಯ ಮೇಲಿಂದ ಕೆಳಗಿಡಲಾಗುತ್ತಿಲ್ಲ, ಐದು ಗಂಟೆಯಿಂದ ಹೀಗೇ ಕೂತಿದ್ದೇನೆ.

ಬಂದರಿನ ಕಟ್ಟೆಯ ಮೇಲೆ ಅರ್ಧ ಅಂಗಡಿಗಳು ಮುಚ್ಚಿವೆ, ಕುರ್ಚಿಗಳನ್ನು ಮಡಚಿ ಹಗ್ಗದಲ್ಲಿ ಕಟ್ಟಿದ್ದಾರೆ, ತೆರೆದಿರುವ ಹೋಟೆಲುಗಳಲ್ಲಿ ಮಾಣಿಗಳು ಈಗ ಗಿರಾಕಿಗಳ ಜೊತೆ ಕೂತು ಮಾತಾಡುತ್ತಿದ್ದಾರೆ, ಎಷ್ಟು ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ, ಅದೇ ನನಗೆ ತಡೆಯಲಾಗದ್ದು, ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಬಿಸಿಲು ಬೆನ್ನ ಮೇಲೆ ಹದವಾಗಿ ಬೀಳುತ್ತದೆ, ಅಮ್ಮ ಕಾಯುತ್ತಿದ್ದದ್ದು ಈ ಬಿಸಿಲನ್ನೇ. ಮನೆ ಬಂತು. ಈಗ ಅದಕ್ಕೆ ನೀಲಿ ಬಾಗಿಲು, ಹೆಸರಿನ ಹಲಗೆ, ಅಮ್ಮನ ಕೋಣೆಯ ಕಿಟಕಿಯಿಂದ ಯಾರದೋ ಈಜುಡುಗೆ ನೇತಾಡುತ್ತಿದೆ. ಹಿಂದುಗಡೆ ಉಗ್ರಾಣ, ನಾನು ಆ ಕಡೆ ನೋಡುವುದಿಲ್ಲ, ನೋಡಿದೆ, ಬೀಗ ಹಾಕಿದೆ. ಆರು ಬೇಸಿಗೆ ಅಮ್ಮ ಅಲ್ಲಿ ಮಲಗಿದಳು, ಬಿಸಿಲುಕೊಡೆಗಳ ಕಟ್ಟು, ಹೆಚ್ಚುವರಿ ಹಾಸಿಗೆಗಳು, ಆಲಿವ್ ಎಣ್ಣೆಯ ಡಬ್ಬಿಗಳು, ಅವುಗಳ ನಡುವೆ ಒಂದು ಮಡಚುವ ಮಂಚ, ಊರಿನಲ್ಲಿ ಅರ್ಧ ಮನೆಯವರು ಬೇಸಿಗೆಯಲ್ಲಿ ಹಾಗೇ ಇರುತ್ತಾರೆ, ಮನೆ ಬಾಡಿಗೆಗೆ, ಮನೆಯವರು ಹಿಂದಕ್ಕೆ, ಅದರಲ್ಲಿ ಹೊಸದೇನೂ ಇಲ್ಲ, ಆದರೆ ಎಂಬತ್ತು ದಾಟಿದ ಮುದುಕಿಯನ್ನು — ಅವಳು ಫೋನಿನಲ್ಲಿ ಪಿಸುಮಾತಲ್ಲಿ ಮಾತಾಡುತ್ತಿದ್ದಳು, ಮೇಲಿನ ಜಗಲಿಯಲ್ಲಿ ಅತಿಥಿಗಳಿದ್ದಾರೆಂದು, ಏನಿಲ್ಲ ಮಗಳೇ, ಅಕ್ಟೋಬರ್ ಬರೋತನಕ ಅಷ್ಟೇ, ಆಮೇಲೆ ಮನೆ ನಮ್ದು. ಆಗಸ್ಟಿನಲ್ಲಿ ಸತ್ತಳು, ಮಾತೆ ಮರಿಯಳ ಹಬ್ಬದ ಹಿಂದಿನ ದಿನ, ಒಂದು ಕೋಣೆಯೂ ಖಾಲಿಯಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಮನೆಯ ನಡುಕೋಣೆಯಲ್ಲಿಟ್ಟು ರಾತ್ರಿಯೆಲ್ಲ ಜೊತೆಗೆ ಕೂರುತ್ತಾರೆ, ಅಮ್ಮನನ್ನು ಉಗ್ರಾಣದಲ್ಲೇ ಇಟ್ಟರು, ಬೆಳಿಗ್ಗೆ ಪೆಟ್ಟಿಗೆಯನ್ನು ಹಿಂದಿನ ಓಣಿಯಿಂದ, ಕಸದ ಡಬ್ಬಿಗಳ ಪಕ್ಕದಿಂದ ಸಾಗಿಸಿದರು, ಮುಂದೆ ಅತಿಥಿಗಳು ತಿಂಡಿ ತಿನ್ನುತ್ತಿದ್ದರು. ಅವರಿಗೆ ಬೇಜಾರಾಗ್ಬಾರ್ದು ಅಂತ ಕಣಕ್ಕಾ, ಅಂದ ಯಾಕೂಮಿಸ್, ಕಣ್ಣು ಕೆಂಪಾಗಿತ್ತು ಅವನದು, ಅತ್ತಿದ್ದ, ಆಮೇಲೆ ಕಾಫಿ ಕೊಡಲು ಹೋಗಿದ್ದ. ಆಗ ಅಂದೆ ಆ ಮಾತು.

ಸ್ಮಶಾನದ ಗೇಟಿನಲ್ಲಿ ನಿಕಿಫೋರೋಸ್, ಇನ್ನೂ ಇವನೇ ಅಗೆಯುತ್ತಾನೆ, ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂತು ಜಡೆ ಎಳೆಯುತ್ತಿದ್ದವನು, ಏನೇ ಅರ್ಗಿರೋ, ಪಿರೇಯಸ್ ನೀರು ಕುಡ್ದು ಕುಡ್ದು ಬೆಳ್ಳಗಾಗಿದ್ದೀಯಲ್ಲೇ, ಬಾ ಬಾ, ಈ ಊರಲ್ಲಿ ವಿದೇಶಿಯವ್ರಿಗೆ ಬಾಡಿಗೆಗೆ ಕೊಡ್ದಿರೋ ಜಾಗ ಇದೊಂದೇ, ಇದನ್ನೂ ಮೂರೇ ವರ್ಷಕ್ಕೆ ಖಾಲಿ ಮಾಡಿಸ್ತೀವಿ ನೋಡು. ನಗಬೇಕಿತ್ತು, ನಕ್ಕೆನೋ ಇಲ್ಲವೋ. ಮರಿಯೆಟ್ಟಾ ಕಪ್ಪುಡುಗೆಯಲ್ಲಿ, ಸತ್ತವರ ಹೆಸರಿನಲ್ಲಿ ಬೇಯಿಸಿದ ಗೋಧಿಯ ತಟ್ಟೆ ಹಿಡಿದುಕೊಂಡು, ಮೇಲೆ ದಾಳಿಂಬೆ ಕಾಳು, ಎಷ್ಟು ಸಣ್ಣಗಾಗಿದ್ದಾಳೆ, ಪಾದ್ರಿಗಳು ಗಡಿಯಾರ ನೋಡಿಕೊಳ್ಳುತ್ತಾರೆ, ಇವತ್ತು ಇನ್ನೂ ಎರಡು ಗುಂಡಿಗಳಿವೆಯಂತೆ. ಗುದ್ದಲಿ ಬೀಳುತ್ತದೆ. ಎರಡು ವರ್ಷದ ಕೆಳಗೆ ಇದೇ ಗುದ್ದಲಿ ಅಮ್ಮನನ್ನು ತೆಗೆದಿತ್ತು, ಜೇನುಮೇಣದ ಬಣ್ಣದ ಮೂಳೆಗಳು, ಒಂದು ಕಲೆಯಿಲ್ಲ, ನಾನೇ ತೊಳೆದೆ, ಹೆಂಗಸರೆಲ್ಲ ಪುಣ್ಯಾತ್ಮಳು ಅಂದರು. ತಮ್ಮನದೂ ಹಾಗೇ ಬರುತ್ತದೆ, ಬರಲಿ, ನಿಕಿಫೋರೋಸ್ ತಲೆಬುರುಡೆ ಮೊದಲು ಎತ್ತಿಕೊಡುತ್ತಾನೆ, ನಾನು ಮಡಿಲಲ್ಲಿ ತೆಗೆದುಕೊಳ್ಳುತ್ತೇನೆ, ದ್ರಾಕ್ಷಾರಸ ಸುರಿಯುತ್ತೇನೆ, ಚಿಕ್ಕಂದಿನಲ್ಲಿ ತಲೆಗೆ ನೀರು ಹಾಕಿದರೆ ಚೀರುತ್ತಿದ್ದ, ಮಾತು ಆಡುವುದೇ ಬೇಕಾಗುವುದಿಲ್ಲ, ತೊಳೆದರೆ ಸಾಕು, ಕೈ ತೊಳೆದದ್ದು ಬಾಯಿ ಹೇಳಿದಂತೆಯೇ ಅಲ್ಲವೇ. ಹಲಗೆ ಒಡೆದ ಸದ್ದು. ನಿಕಿಫೋರೋಸ್ ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಸರಿಸುತ್ತಾನೆ, ಮೆಲ್ಲಗೆ, ಯಾಕೆ ಇಷ್ಟು ಮೆಲ್ಲಗೆ, ನಿಲ್ಲಿಸಿದ. ಅಯ್ಯೋ, ಅಂದಳು ಮರಿಯೆಟ್ಟಾ, ಗೋಧಿಯ ತಟ್ಟೆ ವಾಲಿತು. ಕರಗಿಲ್ಲ ಫಾದರ್, ಅಂದ ಗುಂಡಿಯೊಳಗಿಂದ, ಹಂಗೇ ಇದ್ದಾನೆ, ಕಾಯಿಲೆಗೆ ತಗೊಂಡ ಔಷಧಿ ಕಣೇ ಅರ್ಗಿರೋ, ಆ ನೈಲಾನ್ ಸೂಟು ಬೇರೆ, ಕೆಳಗೆ ಜೇಡಿಮಣ್ಣು, ನೀರು ನಿಲ್ಲುತ್ತೆ, ಹೋದ ವಾರ ಇನ್ನೊಬ್ರದ್ದೂ ಹಿಂಗೇ ಆಯ್ತು, ಮನಸ್ಸಿಗೆ ಹಚ್ಕೋಬೇಡ.

ನಾನು ಬಗ್ಗಿ ನೋಡಿದೆ. ನೋಡಬಾರದಿತ್ತು. ಮುಖ ಬಟ್ಟೆಯ ಕೆಳಗಿತ್ತು, ಬಟ್ಟೆ ಒಂದು ಕಡೆ ಸರಿದು ಕಿವಿ ಕಾಣುತ್ತಿತ್ತು, ಕಂದಾಗಿ, ಒಣಗಿ, ಆದರೆ ಕಿವಿಯೇ, ಇಡಿಯಾಗಿ, ಮೇಲುಮುಖವಾಗಿ. ಔಷಧಿ, ನೈಲಾನ್, ಜೇಡಿಮಣ್ಣು, ಹೌದು, ಹೌದು. ಮರಿಯೆಟ್ಟಾ ನನ್ನ ಕೈ ಹಿಡಿದಿದ್ದಾಳೆ, ಉಗುರು ಚುಚ್ಚುತ್ತಿದೆ, ಅಕ್ಕಾ, ಮತ್ತೆ ಮುಚ್ಚೋ ಮೊದ್ಲು ಹೇಳ್ಬಿಡಿ, ಒಂದೇ ಮಾತು, ನಿಮ್ ಕಾಲಿಗೆ ಬೀಳ್ತೀನಿ. ದೇವರು ಅವನನ್ನು ಕ್ಷಮಿಸಲಿ, ಅಂದೆ. ದೇವ್ರಲ್ಲ ಅಕ್ಕಾ, ನೀವು, ಅಂದಿದ್ದು ನೀವಲ್ವಾ, ಇನ್ನೂ ಮೂರು ವರ್ಷ ಹಿಂಗೇ ಬಿದ್ದಿರ್ಬೇಕಾ ಅವ್ರು. ಪಾದ್ರಿಗಳು ಕೆಮ್ಮಿದರು, ಹೇಳಿಬಿಡಮ್ಮ, ನಂಬಿಕೆ ಇರಲಿ ಬಿಡಲಿ, ಇವಳ ಸಮಾಧಾನಕ್ಕಾದ್ರೂ ಹೇಳು. ಬಾಯಿ ತೆರೆದೆ. ಏನು ಮಹಾ, ಕ್ಷಮಿಸಿದೆ ಎನ್ನುವುದಕ್ಕೆ ಎಷ್ಟು ಉಸಿರು ಬೇಕು, ಹಡಗಿನಲ್ಲಿ ಕಾಲು ತುಳಿದವನಿಗೂ ಹೇಳಿದ್ದೆ, ನಾನು ಕಲ್ಲು ಹೆಂಗಸಲ್ಲ, ಅವನನ್ನು ಎತ್ತಿ ಆಡಿಸಿದವಳು, ಹೇಳು, ಹೇಳು ಅರ್ಗಿರೋ — ಆದರೆ ಅಮ್ಮ ಉಗ್ರಾಣ ಸೇರಿದ ಆ ಮೊದಲನೇ ವರ್ಷ, ಏಪ್ರಿಲ್ ತಿಂಗಳು, ಫೋನಿನಲ್ಲಿ ಅವನು, ಅಕ್ಕಾ, ಈ ಸಲ ಅಮ್ಮನ ಕೋಣೇನೂ ಬಾಡಿಗೆಗೆ ಕೊಡೋಣ ಅಂತಿದ್ದೀನಿ, ಉಗ್ರಾಣದಲ್ಲಿ ಮಂಚ ಹಾಕ್ತೀನಿ, ನಂಗೆ ಯಾಕೋ ಮನಸ್ಸು ಒಪ್ತಿಲ್ಲ, ನೀನು ಬೇಸಿಗೇಲಿ ಅಮ್ಮನ್ನ ಕರ್ಕೊಂಡು ಹೋಗ್ತೀಯಾ ಹೇಳು, ಉಗ್ರಾಣದ ಯೋಚ್ನೆ ಇಲ್ಲಿಗೇ ಬಿಟ್ಬಿಡ್ತೀನಿ. ಒಪ್ಪುತ್ತಿಲ್ಲ ಅಂದಿದ್ದ, ಅವನೇ ಅಂದಿದ್ದ. ನಾನು ಪರದೆಗೆ ಅಂಚು ಹೊಲಿಯುತ್ತಿದ್ದೆ, ಫೋನು ಭುಜಕ್ಕೂ ಕೆನ್ನೆಗೂ ನಡುವೆ, ನಮ್ಮನೇಲಿ ಜಾಗ ಎಲ್ಲಿದ್ಯೋ, ಅಂದೆ, ಉಗ್ರಾಣ ತಂಪಾಗಿರುತ್ತಲ್ಲ, ಒಳ್ಳೇದೇ ಆಯ್ತು, ಮಾಡು. ಮಾಡು ಅಂದೆ. ಅವತ್ತು ಪೆಟ್ಟಿಗೆಯ ಪಕ್ಕ ನಾನು ಶಾಪ ಹಾಕಿದಾಗ ಅವನು ಇದನ್ನು ಎಲ್ಲರೆದುರು ಹೇಳಬಹುದಿತ್ತು, ಹೇಳಲಿಲ್ಲ, ತಲೆ ತಗ್ಗಿಸಿದ, ಮರಿಯೆಟ್ಟಾಳಿಗೂ ಹೇಳಿಲ್ಲ, ಹೇಳಿದ್ದರೆ ಇವಳು ಹೀಗೆ ನನ್ನ ಕೈ ಹಿಡಿಯುತ್ತಿದ್ದಳೇ. ಅವನನ್ನು ಕ್ಷಮಿಸಿಬಿಟ್ಟರೆ ಆ ತಪ್ಪಿಗೆ ಉಳಿಯುವವಳು ನಾನೊಬ್ಬಳೇ. ನನ್ನನ್ನು ಕ್ಷಮಿಸಲು ಯಾರಿದ್ದಾರೆ, ಅಮ್ಮ ಕರಗಿ ಹೋದಳು, ಇವನೊಬ್ಬ ಇದ್ದಾನೆ. ಅಕ್ಕಾ, ಹೇಳಿ. ನಿಕಿಫೋರೋಸ್ ಗುಂಡಿಯಲ್ಲೇ ನಿಂತು ಟೋಪಿ ತೆಗೆದಿದ್ದಾನೆ, ಕೆಳಗೆ ಕಿವಿ, ಹೇಳುತ್ತೇನೆ, ಈಗ ಹೇಳುತ್ತೇನೆ, ಬಾಯಿ ಒಣಗಿದೆ ಅಷ್ಟೇ, ಕಿವಿ, ಮಾಡು ಅಂದದ್ದು ಕೇಳಿಸಿಕೊಂಡದ್ದು ಆ ಕಿವಿಯೇ, ಬೇರೆ ಯಾರೂ ಅಲ್ಲ, ಅದರೊಳಗೆ ಒಂದಿಷ್ಟು ಮಣ್ಣು ಸೇರಿದೆ, ಯಾರಾದರೂ ಒರೆಸಬಾರದೇ, ಆ ಕಿವಿ, ನಿಕಿಫೋರೋಸ್ ಬಗ್ಗಿ ಹೆಬ್ಬೆರಳಿನಿಂದ ಒರೆಸುತ್ತಾನೆ, ಈಗ ಅದು ಚೊಕ್ಕಟವಾಗಿದೆ, ಆ ಕಿವಿ, ಕಾಯುತ್ತಿದೆ, ಕಿವಿ —