ನೀರು ಕಾಣದ ಟವಲು

ಹರಳೆಣ್ಣೆ ಹಚ್ಚಿದ ಚರ್ಮದ ವಾಸನೆ ನನಗೆ ಇವತ್ತಿಗೂ ಇಷ್ಟ. ಬೀರೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ, ಶನಿವಾರ ಸಂಜೆ ಅಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತು ಫುಟ್‌ಬಾಲಿಗೆ ಹಳೆಯ ಬಟ್ಟೆಯಿಂದ ಹರಳೆಣ್ಣೆ ತಿಕ್ಕುತ್ತಿದ್ದರು. ಆಗಿನ ಚೆಂಡು ಚರ್ಮದ್ದು. ಎಣ್ಣೆ ಕುಡಿಯದಿದ್ದರೆ ಬಿರುಕು ಬಿಡುತ್ತಿತ್ತು. ಚರ್ಮದ ವಸ್ತು ಹೊಸ್ತಿಲು ದಾಟಿ ಒಳಗೆ ಬರಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ಹಾಗಾಗಿ ಅದು ಜಗಲಿಯ ತೊಲೆಗೆ ಕಟ್ಟಿದ ಚೀಲದಲ್ಲಿ ತೂಗಾಡುತ್ತಿತ್ತು. ಆದರೆ ವಾಸನೆಗೆ ಹೊಸ್ತಿಲು ಎಲ್ಲಿಯದು? ಅಡುಗೆಮನೆಯವರೆಗೂ ಬರುತ್ತಿತ್ತು. ಅಜ್ಜಿ ಮೂಗಿಗೆ ಸೆರಗು ಕಟ್ಟಿಕೊಂಡೇ ಅಪ್ಪನಿಗೆ ರೊಟ್ಟಿ ತಟ್ಟುತ್ತಿದ್ದಳು. ನಾಳೆ ಆಡುವವನು ಅಂತ ಒಂದು ಹೆಚ್ಚಿಗೆ.

ನನ್ನ ತಮ್ಮ ನಂಜುಂಡಪ್ಪನಿಗೆ ಆ ವಾಸನೆ ಗೊತ್ತಿಲ್ಲ. ಅವನು ನನಗಿಂತ ತುಂಬ ಚಿಕ್ಕವನು. ಅವನು ಹುಟ್ಟುವ ಹೊತ್ತಿಗೆ ಅಪ್ಪನ ಮಂಡಿ ಕೆಟ್ಟು ಆಟ ನಿಂತಿತ್ತು. ಆದರೂ ಅದು ಹೇಗೋ ಅವನಿಗೂ ಬಂತು. ಅಪ್ಪನ ಹಾಗೆ ಅವನೂ ಗೋಲ್‌ಕೀಪರ್. ಕಡೂರಿನಲ್ಲಿ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಅವನದು. ವಾರವೆಲ್ಲ ತಾಮ್ರದ ತಂತಿ ಸುತ್ತುವವನು ಭಾನುವಾರ ಬೆಳಿಗ್ಗೆ ಸಂತೆಮಾಳದ ಹಿಂದಿನ ಬಯಲಿನಲ್ಲಿ ಎರಡು ಕಂಬಗಳ ನಡುವೆ ನಿಲ್ಲುತ್ತಿದ್ದ.

ಅದೇನು ದೊಡ್ಡ ಟೀಮಲ್ಲ. ಗೊಬ್ಬರದಂಗಡಿ ರುದ್ರಮೂರ್ತಿ ಕ್ಯಾಪ್ಟನ್. ಕಾಂತರಾಜ್ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಇನ್ನೊಬ್ಬರು ಸಖರಾಯಪಟ್ಟಣದಿಂದ ಬಸ್ಸಿನಲ್ಲಿ ಬರುವ ಮೇಷ್ಟ್ರು. ಹೆಚ್ಚಿನವರಿಗೆ ಹೊಟ್ಟೆ ಬಂದಿದೆ, ಕೆಲವರಿಗೆ ಮೊಮ್ಮಕ್ಕಳೂ ಬಂದಿವೆ. ತರೀಕೆರೆಯಲ್ಲಿ, ಅಜ್ಜಂಪುರದಲ್ಲಿ ಇಂಥದ್ದೇ ಒಂದೊಂದು ಟೀಮಿದೆ. ಅವರವರೇ ಸೇರಿ ಮಾಡಿಕೊಂಡ ಪದ್ಧತಿಗಳೂ ಇವೆ. ಎರಡು ಊರಿನವರು ಆಡಿದರೆ ಸೀಟಿ ಊದುವವನು ಮೂರನೇ ಊರಿನವನಾಗಿರಬೇಕು. ಆಟ ಮುಗಿದ ಮೇಲೆ ಎಲ್ಲರಿಗೂ ಊಟ, ಆಡಿಸಿದ ಊರಿನದು. ಬಡಿಸಬೇಕಾದವರು ಮಾತ್ರ ಸೋತವರು. ಗೆದ್ದವರು ಕಾಲು ಚಾಚಿ ಕೂತು, "ಉಪ್ಪು ತರ್ರೀ, ನೀರು ಹಾಕ್ರೀ" ಎಂದು ಅವರನ್ನು ಓಡಾಡಿಸಬಹುದು.

ಕಳೆದ ಕಾರ್ತಿಕದಲ್ಲಿ ನಂಜುಂಡಪ್ಪನ ಹೆಂಡತಿ ದಾಕ್ಷಾಯಣಿ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ನಮ್ಮಲ್ಲಿ ತೀರಿಹೋದವರ ಎಡಗೈಯಲ್ಲಿ ಅವರವರ ಇಷ್ಟಲಿಂಗವನ್ನಿಟ್ಟು ಮಣ್ಣು ಮಾಡುತ್ತೇವೆ. ದಾಕ್ಷಾಯಣಿಯ ಅಂಗೈಯಲ್ಲಿ ಲಿಂಗವನ್ನಿಟ್ಟು ಬೆರಳುಗಳನ್ನು ಮಡಚಿದವನು ಅವನೇ. ಅಲ್ಲಿಯವರೆಗೆ ಅವನ ಲಿಂಗ ಪೂಜೆಯ ಹೊತ್ತು ಬಿಟ್ಟರೆ ದೇವರಮನೆಯ ಗೂಡಿನಲ್ಲೇ ಇರುತ್ತಿತ್ತು. "ಪಾಪ, ಅದೂ ನನ್ನ ಹಂಗೇ ನಿಮ್ಮ ದಾರಿ ಕಾಯ್ತಾ ಕೂತಿರುತ್ತೆ" ಎಂದು ದಾಕ್ಷಾಯಣಿ ರೇಗಿಸುತ್ತಿದ್ದಳು. ಅವತ್ತು ಮನೆಗೆ ಬಂದು ಸ್ನಾನ ಮಾಡಿ, ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ. ಮತ್ತೆ ತೆಗೆಯಲಿಲ್ಲ.

ಮಾತು ಕಡಿಮೆಯಾಯಿತು. ಅಂಗಡಿಯ ಶಟರ್ ಅರ್ಧ ಎಳೆದೇ ಇರುತ್ತಿತ್ತು. ನನ್ನ ಮನೆ ಎರಡು ಬೀದಿ ಆಚೆ. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆಯ ಮುಂದೆ ಕೂತಿದ್ದು ಎದ್ದು ಹೋಗುತ್ತಿದ್ದ. ಬಯಲಿನ ಕಡೆಗಂತೂ ತಲೆ ಹಾಕಲಿಲ್ಲ.

ರುದ್ರಮೂರ್ತಿ ಭಾನುವಾರ ಬೆಳಿಗ್ಗೆ ಅವನ ಗೇಟಿನ ಹತ್ತಿರ ಬೈಕು ನಿಲ್ಲಿಸಿ, "ನಂಜುಂಡಣ್ಣ, ಗೋಲು ಖಾಲಿ ಐತೆ ಕಣಣ್ಣ" ಎನ್ನುತ್ತಿದ್ದ. ಅಷ್ಟೇ. ಉತ್ತರಕ್ಕೆ ಕಾಯದೆ ಹೊರಟುಹೋಗುತ್ತಿದ್ದ. ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ, ಒಂದು ಮಾತನ್ನೂ ಹೆಚ್ಚಿಗೆ ಆಡಲಿಲ್ಲ.

ಗಣೇಶನ ಹಬ್ಬ ಮುಗಿದ ಮೇಲಿನ ಭಾನುವಾರ ಅಜ್ಜಂಪುರದವರು ನಮ್ಮೂರಿಗೆ ಆಡಲು ಬರುವವರಿದ್ದರು. ರುದ್ರಮೂರ್ತಿಯ ಹೆಂಡತಿ ದೀಪಶ್ರೀ ರೊಟ್ಟಿ, ಎಣ್ಣೆಗಾಯಿ ಮಾಡುತ್ತೇನೆಂದು ಹೇಳಿ, ಮೊಸರನ್ನ ನನಗೆ ಒಪ್ಪಿಸಿದ್ದಳು. ಒಗ್ಗರಣೆ ಹಾಕುತ್ತಿದ್ದೆ. ಬಾಗಿಲಲ್ಲಿ ನಂಜುಂಡಪ್ಪ ನಿಂತಿದ್ದ. ಹೆಗಲಲ್ಲಿ ಆಟದ ಬ್ಯಾಗು.

"ಅಕ್ಕ, ಇವತ್ತೊಂದ್ಸಲ ನಿಂತು ನೋಡ್ತೀನಿ" ಎಂದ. "ಆಗ್ಲಿಲ್ಲ ಅಂದ್ರೆ ಈ ಗ್ಲೌಸು, ಶೂಸು ಎಲ್ಲ ರುದ್ರಮೂರ್ತಿಗೆ ಕೊಟ್ಟು ಬಂದ್ಬಿಡ್ತೀನಿ. ಮನೇಲಿಟ್ಕಂಡು ದಿನಾ ನೋಡಕ್ಕಾಗಲ್ಲ."

"ಆಯ್ತಪ್ಪ. ಈ ಪಾತ್ರೆ ಒಂದು ಕಡೆ ಹಿಡ್ಕೊ" ಎಂದೆ. ಬೇರೆ ಏನು ಹೇಳಿದರೂ ಅವನು ತಿರುಗಿ ಹೋದಾನೆಂಬ ಭಯ ನನಗೆ.

ಅಜ್ಜಂಪುರದವರು ಈರುಳ್ಳಿ ಸಾಗಿಸುವ ಟೆಂಪೋದಲ್ಲಿ ಬಂದಿಳಿದರು. ಬೆನ್ನಿಗೆ, ತಲೆಗೆ ಈರುಳ್ಳಿ ಸಿಪ್ಪೆ ಮೆತ್ತಿಕೊಂಡಿತ್ತು. ಅವರ ಕ್ಯಾಪ್ಟನ್ ದೇವರಾಜ, ಈರುಳ್ಳಿ ಬೆಳೆಯುವವನು, ನಂಜುಂಡಪ್ಪನನ್ನು ಕಂಡವನೇ ಓಡಿ ಬಂದ.

"ಬಂದ್ಯಾ ನಂಜಣ್ಣ, ಸದ್ಯ! ನಿನ್ನ ಜಾಗದಲ್ಲಿ ಈ ಕಾಂತರಾಜ್ ನಿಂತಿರ್ತಿದ್ದ. ಗೋಲು ಹೊಡೆಯಕ್ಕೇ ಬೇಜಾರಾಗಿ ಹೋಗಿತ್ತು ಕಣಣ್ಣ."

"ಲೇ, ನಾನು ಇಲ್ಲೇ ಇದೀನಿ ಕಣೋ" ಎಂದ ಕಾಂತರಾಜ್.

"ಗೋಲಿನಾಗೂ ಹಂಗೇ ಇರ್ತಿದ್ದೆ ಬಿಡು, ಇದೀಯ ಅಷ್ಟೇ!"

ಎಲ್ಲರೂ ನಕ್ಕರು. ದೇವರಾಜ ಮಾತ್ರ ನಂಜುಂಡಪ್ಪನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ನಗು ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ರೆಫ್ರಿ ತರೀಕೆರೆಯ ಓಂಕಾರೇಶ್. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು, ಈ ಕೆಲಸಕ್ಕೆ ಹೊಸಬ. ನಗುವ ಪೈಕಿಯಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಗುರು ನೋಡಿದ, ಉಂಗುರ ಬಿಚ್ಚಿಸಿದ, ದೇವರಾಜನ ಕೈಕಡಗ ತೆಗೆಸಿದ. ನಂಜುಂಡಪ್ಪನ ಎದುರು ಬಂದು ನಿಂತ.

"ಅಣ್ಣಾ, ಕೊರಳಲ್ಲಿರೋದನ್ನ ತೆಗೀಬೇಕು."

"ಇದು ಸರ ಅಲ್ಲಪ್ಪ. ಲಿಂಗ."

"ಗೊತ್ತಣ್ಣ, ನಮ್ಮನೇಲೂ ಹಾಕ್ತೀವಿ. ಆದ್ರೆ ಬೆಳ್ಳಿ ಕರಡಿಗೆ ಎದೆ ಮೇಲಿದ್ದು ಚೆಂಡು ಬಂದು ಬಡಿದ್ರೆ ಪಕ್ಕೆ ಮುರಿಯುತ್ತೆ. ದಾರ ಕೊರಳಿಗೆ ಸುತ್ಕೊಂಡ್ರಂತೂ ಮುಗೀತು."

"ಏ ಓಂಕಾರೇಶ, ಇದೇನು ವರ್ಲ್ಡ್ ಕಪ್ಪೇನೋ? ಬಿಡೋ ಅತ್ಲಾಗೆ" ಎಂದ ರುದ್ರಮೂರ್ತಿ.

"ವರ್ಲ್ಡ್ ಕಪ್ಪಾದ್ರೆ ಡಾಕ್ಟ್ರು ಪಕ್ಕದಲ್ಲೇ ಕೂತಿರ್ತಾರೆ. ಇಲ್ಲಿ ಯಾರಿದಾರೆ ಹೇಳಿ?"

ಕಾಂತರಾಜ್ ಮೆಲ್ಲಗೆ, "ಆಟ ಮುಗಿಯೋ ಗಂಟ ಅಕ್ಕನ ಕೈಲಿ ಕೊಟ್ಟಿರು ನಂಜಣ್ಣ" ಎಂದ. ಎಲ್ಲರೂ ನನ್ನ ಕಡೆ ನೋಡಿದರು. ನಂಜುಂಡಪ್ಪ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಮೈಯಿಂದ ದೂರ ಮಾಡಲ್ಲ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರೂ ತಪ್ಪು ತಿಳ್ಕಬೇಡ್ರಪ್ಪ. ಅವನು ಹೇಳೋದು ಸರಿಯಾಗೇ ಐತೆ. ನೀವು ಆಡ್ರಿ, ನಾನು ಮನೆ ಕಡೆ ಹೊರಡ್ತೀನಿ."

ಗ್ಲೌಸನ್ನು ರುದ್ರಮೂರ್ತಿಯ ಮುಂದೆ ಹಿಡಿದ. ರುದ್ರಮೂರ್ತಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಗ್ಲೌಸು ನೆಲದ ಮೇಲೆ ಬಿತ್ತು. ಟೀಮಿನ ಜೆರ್ಸಿಯನ್ನೂ ಕೊಟ್ಟುಹೋಗಲೆಂದು ನಂಜುಂಡಪ್ಪ ಕಳಚತೊಡಗಿದ. ಎಡಗೈ ಮೇಲೆತ್ತಿದ.

ಆಗ ಎಲ್ಲಿಂದಲೋ ಆ ಹರಳೆಣ್ಣೆ ವಾಸನೆ ಬಂತು. ಈಗಿನ ಚೆಂಡಿಗೆ ವಾಸನೆಯೇ ಇಲ್ಲ. ಬಂದದ್ದು ನನ್ನೊಳಗಿಂದಲೇ. ಅಪ್ಪ ಜಗಲಿಯ ಮೇಲೆ ಹೀಗೇ ಎಡಗೈ ಎತ್ತಿ ನಿಲ್ಲುತ್ತಿದ್ದರು. ಅವರ ಲಿಂಗ ಶುಭ್ರವಾದ ಬಟ್ಟೆಯ ಮಡಿಕೆಯಲ್ಲಿರುತ್ತಿತ್ತು. ನಾನು ಬಟ್ಟೆಯ ಒಂದು ತುದಿ ಹಿಡಿದುಕೊಂಡರೆ ಅವರು ಇನ್ನೊಂದು ತುದಿಯನ್ನು ತೋಳಿಗೆ, ಭುಜದ ಕೆಳಗೆ, ಮೈಗೆ ತಗಲುವಂತೆ ಸುತ್ತಿಕೊಳ್ಳುತ್ತಿದ್ದರು. "ಬಿಗಿಯಾಗಿ ಹಿಡಿ ಮಗಾ" ಎನ್ನುತ್ತಿದ್ದರು. ಕೊರಳಾಗಲಿ, ತೋಳಾಗಲಿ, ಮೈಮೇಲಿದ್ದರೆ ಸರಿ ಎಂದು ಅವರಿಗೆ ಹೇಳಿಕೊಟ್ಟವಳು ಅದೇ ಅಜ್ಜಿ. ನಂಜುಂಡಪ್ಪ ಇದನ್ನು ಕಂಡಿರಲಿಲ್ಲ.

ಬಯಲಿನ ಗೆರೆ ದಾಟಿ ಒಳಗೆ ಹೋದೆ. "ಓಂಕಾರೇಶಪ್ಪ, ನಿಮಗೆ ತೊಂದರೆ ಕರಡಿಗೆಯದು, ದಾರದ್ದು ತಾನೇ? ಲಿಂಗವನ್ನು ಬಟ್ಟೆಯಲ್ಲಿ ಮಡಚಿ ತೋಳಿಗೆ ಕಟ್ಟಿದರೆ?"

ಅವನು ಯೋಚಿಸಿದ. "ದಪ್ಪಕ್ಕೆ ಕಟ್ಟಿ, ಮುಟ್ಟಿದ್ರೆ ಗಟ್ಟಿ ಅನ್ನಿಸದಂಗಿದ್ರೆ ಆಗುತ್ತಮ್ಮಾ."

ನಂಜುಂಡಪ್ಪ ನನ್ನನ್ನೇ ನೋಡುತ್ತಿದ್ದ. "ಅಪ್ಪ ಹಂಗೇ ಆಡ್ತಿದ್ರು ಕಣೋ" ಎಂದೆ. "ನಾನೇ ಬಟ್ಟೆ ಹಿಡ್ಕೊಳ್ತಿದ್ದೆ."

ಅವನು ಎಡಗೈಯನ್ನು ಜೆರ್ಸಿಯಿಂದ ಹೊರಗೆಳೆದು ನನ್ನ ಮುಂದೆ ಚಾಚಿದ.

ಆದರೆ ಬಟ್ಟೆ? ಅಲ್ಲಿದ್ದ ಬಟ್ಟೆಯೆಲ್ಲ ಬೆವರು ಒರೆಸಿದ್ದು. ದೇವರಾಜ ಟೆಂಪೋಗೆ ಓಡಿ, ಪ್ಲಾಸ್ಟಿಕ್ ಕವರಿನೊಳಗಿನ ಬಿಳಿಯ ಟವಲನ್ನು ತಂದ. "ಮೊನ್ನೆ ಗೃಹಪ್ರವೇಶದಾಗೆ ನಮ್ಮ ಬೀಗರು ಕೊಟ್ಟಿದ್ದಮ್ಮಾ. ಇನ್ನೂ ನೀರು ಕಂಡಿಲ್ಲ." ನಾನು ಬೇಡವೆನ್ನುವಷ್ಟರಲ್ಲಿ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉದ್ದಕ್ಕೆ ಪರ್ರೆಂದು ಹರಿದುಬಿಟ್ಟ. ಆಮೇಲೆ ತನ್ನವರ ಕಡೆ ತಿರುಗಿ, "ಲೇ, ಏನ್ರೋ ನೋಡ್ತೀರಾ? ಆ ಕಡೆ ತಿರುಗ್ರೋ!" ಎಂದು ಗದರಿದ. ಅಜ್ಜಂಪುರದವರು, ನಮ್ಮವರು ಎಲ್ಲರೂ ನಮ್ಮ ಸುತ್ತ ಬೆನ್ನು ಮಾಡಿ ನಿಂತರು. ಆ ಬೆನ್ನುಗಳ ನಡುವೆ ನಂಜುಂಡಪ್ಪ ಲಿಂಗವನ್ನು ಕರಡಿಗೆಯಿಂದ ತೆಗೆದು ಬಟ್ಟೆಯಲ್ಲಿಟ್ಟ. ನಾನು ತುದಿ ಹಿಡಿದುಕೊಂಡೆ, ಅವನು ಸುತ್ತಿಕೊಂಡ.

ಓಂಕಾರೇಶ್ ಪರೀಕ್ಷೆ ಮಾಡಬೇಕಿತ್ತು. ಅವನು ಬಾಟಲಿಯ ನೀರಿನಲ್ಲಿ ಕೈ ತೊಳೆದ. ಶೂ ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಹತ್ತಿರ ಬಂದು, ಬಟ್ಟೆಯ ಮೇಲಿಂದ ಹೆಬ್ಬೆರಳು ಒತ್ತಿ ನೋಡಿ, "ಇನ್ನೊಂದು ಸುತ್ತು ಹಾಕಿಬಿಡಿ ಅಮ್ಮಾ. ಎಡಕ್ಕೆ ಬಿದ್ರೆ ಅಣ್ಣಂಗೆ ನೋವಾಗಬಾರದು" ಎಂದ. ಅವನು ಶೂ ಬಿಚ್ಚಿದ್ದನ್ನು ನನ್ನ ಹಾಗೆ ಬೇರೆ ಯಾರಾದರೂ ಗಮನಿಸಿದರೋ ಇಲ್ಲವೋ, ಗೊತ್ತಿಲ್ಲ.

ಖಾಲಿ ಕರಡಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೂತೆ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಚೆಂಡು ನಂಜುಂಡಪ್ಪನ ಕಾಲುಗಳ ನಡುವೆಯೇ ಉರುಳಿ ಹೋಯಿತು. "ಏನಣ್ಣ, ಗೇಟು ತೆಗೆದಿಟ್ಟಿದೀಯಾ?" ಎಂದು ಯಾರೋ ಕೂಗಿದರು. ಅವನು ತಲೆ ತಗ್ಗಿಸಿ ಚೆಂಡು ತರಲು ಹೋದ. ಹೋದವನು ಅಲ್ಲೇ ನಿಂತುಬಿಟ್ಟ. ಬಾಪ್ಪಾ ಎಂದು ನಾನು ಮನಸ್ಸಿನಲ್ಲೇ ಕರೆದೆ. ಬಂದ. ಮುಂದಿನ ಚೆಂಡನ್ನು ಎಡಕ್ಕೆ ಹಾರಿ ತಡೆದ. ಬಿದ್ದಲ್ಲಿಂದ ಏಳುವ ಮೊದಲು ತೋಳು ಮುಟ್ಟಿ ನೋಡಿಕೊಂಡ. ಎರಡನೇ ಸಲವೂ ಮುಟ್ಟಿಕೊಂಡ. ಆಮೇಲಾಮೇಲೆ ಮುಟ್ಟಿಕೊಳ್ಳುವುದನ್ನೇ ಮರೆತ, "ಕಾಂತರಾಜ, ಹಿಂದೆ ಬಾರೋ! ಲೇ, ದೇವರಾಜನ್ನ ನೋಡ್ಕಳ್ರೋ!" ಎಂದು ಕೂಗತೊಡಗಿದ. ಆ ದನಿಯನ್ನು ನಾನು ಎಷ್ಟು ತಿಂಗಳಿಂದ ಕೇಳಿರಲಿಲ್ಲ!

ನಮ್ಮವರು ಎರಡು ಹೊಡೆದರು, ಅವರು ಇನ್ನೊಂದು ಹೊಡೆದರು. ಸಮ ಸಮ. ಇನ್ನೇನು ಮುಗಿಯಬೇಕು, ಆಗ ರುದ್ರಮೂರ್ತಿಯ ಕೈಗೆ ಚೆಂಡು ತಗಲಿತು. ಓಂಕಾರೇಶ್ ಸೀಟಿ ಊದಿ ಪೆನಾಲ್ಟಿ ಕೊಟ್ಟ.

"ಕೈ ಎಲ್ಲೋ, ಭುಜ ಕಣೋ ಅದು!" ರುದ್ರಮೂರ್ತಿ ಬೊಬ್ಬೆ ಹಾಕಿದ. ನಮ್ಮವರೆಲ್ಲ ಓಂಕಾರೇಶನ ಮೇಲೆ ಎಗರಿಬಿದ್ದರು. ಅವನು ಕದಲಲಿಲ್ಲ. ಕೈಯೇ ಅದು, ನಾನೂ ನೋಡಿದ್ದೆ.

ಹೊಡೆಯಲು ಬಂದವನು ದೇವರಾಜ. ನಂಜುಂಡಪ್ಪ ಕಂಬಗಳ ನಡುವೆ ಬಗ್ಗಿ ನಿಂತ. ಚೆಂಡು ಬಂದ ಕಡೆಗೇ ಹಾರಿದ. ಬೆರಳ ತುದಿಗೆ ತಾಗಿದ್ದು ನನಗೂ ಕಂಡಿತು. ತಾಗಿದ ಚೆಂಡು ಕಂಬಕ್ಕೆ ಬಡಿದು, ಒಳಗೇ ಹೋಯಿತು.

ಅವನು ಅಂಗಾತ ಬಿದ್ದಿದ್ದ. ಏಳಲಿಲ್ಲ. ದೇವರಾಜ ಗೋಲು ಹೊಡೆದ ಖುಷಿಯನ್ನೂ ಮರೆತು, "ನಂಜಣ್ಣ, ಏನಾಯ್ತಣ್ಣ?" ಎಂದು ಓಡಿದ. ನಾನು ಎದ್ದು ನಿಂತಿದ್ದೆ. ಆಗ ಕೇಳಿಸಿತು. ನಂಜುಂಡಪ್ಪ ನಗುತ್ತಿದ್ದ. ಮಲಗಿದಲ್ಲಿಯೇ ಹೊಟ್ಟೆ ಕುಲುಕಿಸಿಕೊಂಡು ನಗುತ್ತಿದ್ದ.

"ಲೇ ದೇವರಾಜ, ಟವಲು ಕೊಟ್ಟಂಗೆ ಮಾಡಿ ಗೋಲು ವಸೂಲಿ ಮಾಡ್ಕಂಡ್ಯಲ್ಲೋ!"

"ಬೀಗರ ಟವಲು ಕಣಣ್ಣ, ಸುಮ್ನೆ ಬತ್ತದಾ?"

"ಅಜ್ಜಂಪುರಕ್ಕೆ ಬತ್ತೀನಿ ತಡಿ. ಅಲ್ಲಿ ಹೊಡಿ ನೋಡಾನ."

ರುದ್ರಮೂರ್ತಿ ನೆಲದ ಮೇಲಿದ್ದ ಬ್ಯಾಗನ್ನು ಎತ್ತಿ, ಧೂಳು ಕೊಡವಿ, ನಂಜುಂಡಪ್ಪನ ಬೈಕಿನ ಹ್ಯಾಂಡಲಿಗೆ ನೇತುಹಾಕಿ ಬಂದ.

ಸೋತವರು ಬಡಿಸಬೇಕಲ್ಲ. ಅಜ್ಜಂಪುರದವರು ಹೊಂಗೆ ಮರದ ನೆರಳಿನಲ್ಲಿ ಸಾಲಾಗಿ ಕೂತರು. ನಂಜುಂಡಪ್ಪ ಶೂ ಬಿಚ್ಚಿಟ್ಟು ರೊಟ್ಟಿಯ ಬುಟ್ಟಿ ಹಿಡಿದ. ಸೆರಗಿನಿಂದ ಕರಡಿಗೆ ಬಿಚ್ಚಿ ತೋರಿಸಿದೆ. "ಇರ್ಲಿ ಅಕ್ಕ, ಮನೇಗ್ ಹೋದ್ಮೇಲೆ" ಎಂದ. ತೋಳಿನ ಬಟ್ಟೆ ಮಣ್ಣಾಗಿತ್ತು, ಸಡಿಲವಾಗಿರಲಿಲ್ಲ.

ಓಂಕಾರೇಶ್ ಯಾವ ಸಾಲಿನಲ್ಲೂ ಇರಲಿಲ್ಲ. ದೂರದಲ್ಲಿ ತನ್ನ ಬೈಕಿನ ಹತ್ತಿರ ನಿಂತು ಹೆಲ್ಮೆಟ್ ಒರೆಸುತ್ತಿದ್ದ. "ಸೀಟಿ ಊದಿದೋರಿಗೆ ಗಾಳೀನೇ ಊಟ" ಎಂದು ನಮ್ಮವರಲ್ಲಿ ಯಾರೋ ಅಂದದ್ದು ಅವನಿಗೂ ಕೇಳಿಸಿತ್ತು. ತರೀಕೆರೆಯವರೆಗೆ ಹಸಿದುಕೊಂಡೇ ಹೊರಟಿದ್ದ.

ನಂಜುಂಡಪ್ಪ ಬುಟ್ಟಿಯನ್ನು ಕಾಂತರಾಜನಿಗೆ ಕೊಟ್ಟ. ಒಂದು ಹಾಳೆ ತಟ್ಟೆ ತೆಗೆದುಕೊಂಡು ಎಣ್ಣೆಗಾಯಿ ಹಾಕಿಸಿಕೊಂಡ, ನನ್ನಿಂದ ಮೊಸರನ್ನ ಹಾಕಿಸಿಕೊಂಡ. ರೊಟ್ಟಿ ಇಟ್ಟು, ಯೋಚಿಸಿ, ಇನ್ನೊಂದನ್ನು ಮೇಲಿಟ್ಟ. ಬಿಸಿಲಿನಲ್ಲಿ ಬರಿಗಾಲಲ್ಲಿ ಬಯಲು ದಾಟಿ ಹೋದ. ಓಂಕಾರೇಶನ ಕೈಯಿಂದ ಹೆಲ್ಮೆಟ್ಟನ್ನು ತೆಗೆದುಕೊಂಡು, ಆ ಕೈಗೆ ತಟ್ಟೆ ಕೊಟ್ಟ.