ಮುದುಕಿಯರ ಬಳ್ಳಿ

ಜಯನಗರದ ಚೂಡಾಮಣಿ ಒಂದು ಬ್ಯಾಂಕಿನಲ್ಲಿ ಟೈಪಿಸ್ಟು. ಸಂಜೆ ಫ್ರೆಂಚ್ ಕ್ಲಾಸು. ಕಲಿತದ್ದು ಮೂರೇ ತಿಂಗಳು, ಜಂಬ ಮಾತ್ರ ಪ್ರೊಫೆಸರರದ್ದು. ಅವಳ ಮನೆಯ ಕಿಟಕಿಯಲ್ಲಿ ಮನಿಪ್ಲಾಂಟ್ ಹಬ್ಬಿಸಿದ್ದ ಹಸಿರು ಬಾಟಲಿ ಫ್ರಾನ್ಸಿನ ವೈನಿನದು. ಎದುರುಮನೆಯ ರಾಮಪ್ರಸಾದರು ಕುಡಿದು ಖಾಲಿ ಮಾಡಿ, "ಗಾಜು ಚೆನ್ನಾಗಿದೆ" ಅಂತ ದಾನ ಕೊಟ್ಟದ್ದು. ಚೂಡಾಮಣಿಯ ತಾಯಿ ಅಮ್ಮಣ್ಣಿ ಸೀಗೆಪುಡಿ ಹಾಕಿ ಏಳು ಸಲ ತೊಳೆದೇ ಅದನ್ನು ಒಳಗೆ ಬಿಟ್ಟುಕೊಂಡಿದ್ದರು. ಲೇಬಲ್ಲು ಮಾತ್ರ ಜಪ್ಪಯ್ಯ ಅಂದರೂ ಬಿಟ್ಟಿರಲಿಲ್ಲ.

ಎಂಬತ್ತಮೂರರ ಫೆಬ್ರವರಿಯ ಒಂದು ಭಾನುವಾರ ದ್ರಾಕ್ಷಿ ಮಾರುವ ಪಾರ್ವತಮ್ಮ ಎಂದಿನಂತೆ ಅವರ ಮನೆಗೆ ಬುಟ್ಟಿ ತಂದಿಳಿಸಿದಳು. ಅವಳ ಊರನ್ನು ಲೇಔಟು ನುಂಗಿತ್ತು. ಮನೆಯ ಹಿತ್ತಿಲಲ್ಲಿ, ಅವಳು ಸೊಸೆಯಾಗಿ ಬಂದ ವರ್ಷ ನೆಟ್ಟ ಒಂದು ಚಪ್ಪರದಷ್ಟು ಬಳ್ಳಿ ಮಾತ್ರ ಉಳಿದಿತ್ತು.

"ಇದೇ ಕೊನೇ ಬುಟ್ಟಿ ಕಣವ್ವ. ಬುಧವಾರ ನನ್ ಮಗ ದಾಸಪ್ಪ ಬಳ್ಳಿ ಕಡಿಸ್ತಾನಂತೆ. ಮುದಿಬಳ್ಳಿ, ನಾಕು ಗೊಂಚಲು ಬಿಡಕಿಲ್ಲ, ಅಲ್ಲಿ ಬಾಡಿಗೆ ಮನೆ ಕಟ್ತೀನಿ ಅಂತಾನೆ."

ಕಣ್ಣೊರೆಸಿಕೊಂಡವಳಿಗೆ ಲೇಬಲ್ಲಿನ ಚಿತ್ರ ಕಂಡಿತು. "ಇದ್ಯಾಕವ್ವ, ಬಾಟ್ಲಿ ಮ್ಯಾಲೆ ದ್ರಾಕ್ಷಿ? ಏನ್ ಬರೆದವ್ರೆ?"

ತನ್ನ ಫ್ರೆಂಚನ್ನು ಯಾರಾದರೂ ಕೇಳಿದ್ದು ಅದೇ ಮೊದಲು! ಚೂಡಾಮಣಿ ಓಡಿಹೋಗಿ ಡಿಕ್ಷನರಿ ತಂದಳು.

"ಮಿಜಾನ್ ಬುತೇಯ್ ಓ ಶಾತೋ. ಶಾತೋ ಅಂದ್ರೆ ಅರಮನೆ. ಫ್ರಾನ್ಸಿನ ಅರಮನೇಲೇ ಬಾಟ್ಲಿಗೆ ತುಂಬಿದ್ದು ಅಂತ."

"ಮಾರಾಜ್ರೇ ತುಂಬ್ತಾರಾ?"

"ಯಾರೋ ತುಂಬ್ತಾರೆ, ಸುಮ್ನಿರಿ ಪಾರ್ವತಮ್ಮ."

ಕೆಳಗೆ ಚಿನ್ನದ ಬಣ್ಣದ ದಪ್ಪಕ್ಷರದಲ್ಲಿ 'ವಿಯೇಯ್ ವೀನ್ಯ' ಎಂದಿತ್ತು. ವೀನ್ಯ ಎಂದರೆ ದ್ರಾಕ್ಷಿ ಬಳ್ಳಿ. ವಿಯೇಯ್ ಎಂಬುದಕ್ಕೆ ಡಿಕ್ಷನರಿಯಲ್ಲಿ ಮೊದಲು ಸಿಕ್ಕ ಅರ್ಥ ಮುದುಕಿ. "ಮುದುಕಿಯರ ಬಳ್ಳಿ!" ಎಂದು ಅವಳು ತೀರ್ಪು ಕೊಟ್ಟೇಬಿಟ್ಟಳು.

ಪಾರ್ವತಮ್ಮ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಬಳ್ಳಿ ಮುದುಕೀರ್ದು ಅಂತ ಅಚ್ಚಾಕ್ಸವ್ರಾ?" ಕನ್ನಡದಲ್ಲಿ ಬರೆಸಿಕೊಂಡು, ಚೀಟಿಯನ್ನು ಎಲೆಯಡಿಕೆ ಚೀಲಕ್ಕೆ ಸೇರಿಸಿಕೊಂಡು ಹೊರಟಳು.

ಗುರುವಾರ ಕ್ಲಾಸಿನಲ್ಲಿ ಚೂಡಾಮಣಿ ಇದನ್ನು ಹೇಳಿದ್ದೇ ತಡ, ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿ ಯಾವ ಮುದುಕಿಯೂ ಇಲ್ಲವಂತೆ. ಅದು ಬರೀ 'ಹಳೆಯ ಬಳ್ಳಿಗಳು'. ಹಳೆಯ ಬಳ್ಳಿ ಬಿಡುವ ಹಣ್ಣು ಕಮ್ಮಿ, ರುಚಿ ಹೆಚ್ಚು ಎನ್ನುತ್ತಾರೆ; ಅದಕ್ಕೇ ಹೆಮ್ಮೆಯಿಂದ ಅಚ್ಚು ಹಾಕಿಸುತ್ತಾರೆ. ಆದರೆ ಬಳ್ಳಿ ಕಡಿಸುವ ಬುಧವಾರ ಆಗಲೇ ಕಳೆದಿತ್ತು.

ಭಾನುವಾರ ಬುಟ್ಟಿ ಬರಲಿಲ್ಲ. ಹತ್ತು ಗಂಟೆಯವರೆಗೆ ಕಾದು, ಬಸ್ಸು ಹತ್ತಿ, ಕೇಳಿಕೊಂಡು ಪಾರ್ವತಮ್ಮನ ಮನೆಗೇ ಹೋದಳು. ಹಿತ್ತಿಲಲ್ಲಿ ಚಪ್ಪರ ನಿಂತಿತ್ತು! ಅದರ ಕಂಬಕ್ಕೆ ಅನ್ನದ ಅಗುಳಿನಿಂದ ಚೀಟಿ ಅಂಟಿಸಿತ್ತು.

ದಾಸಪ್ಪನ ಮುಖ ಹುಳ್ಳಗಿತ್ತು. "ನೀವೇನಾ ಮೇಡಂ ಬರ್ಕೊಟ್ಟಿದ್ದು? ಬಳ್ಳಿ ಮುದುಕೀರ್ದು ಅಂತ ಫ್ರಾನ್ಸ್ ರೂಲ್ಸಂತೆ. ಕಡಿಯೋಕೆ ಬಂದೋರ್ನ ನಮ್ಮವ್ವ ಇದನ್ನ ತೋರ್ಸಿ ಓಡಿಸ್ಬಿಟ್ಳು."

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಸುಳ್ಳಿನ ಚೀಟಿ ಎಷ್ಟು ದಿನ ಅಂಟಿಕೊಂಡಿದ್ದೀತು? ಚೂಡಾಮಣಿ ಪಾರ್ವತಮ್ಮನನ್ನು ಚಪ್ಪರದಡಿಗೆ ಕರೆದಳು.

"ನಾನು ತಪ್ಪು ಓದ್ದೆ ಪಾರ್ವತಮ್ಮ. ಅದು ಮುದುಕಿಯರ ಬಳ್ಳಿ ಅಲ್ಲ, ಮುದಿಬಳ್ಳಿ ಅಂತ. ಹಣ್ಣು ಕಮ್ಮಿ, ರುಚಿ ಜಾಸ್ತಿ ಅಂತ ಹೆಮ್ಮೆಯಿಂದ ಬರೀತಾರಂತೆ."

ಪಾರ್ವತಮ್ಮ ತಲೆಯೆತ್ತಿ ಬಳ್ಳಿಯನ್ನು ನೋಡಿದಳು. ಆಮೇಲೆ ಒಂದು ಗೊಂಚಲು ಕಿತ್ತು ಚೂಡಾಮಣಿಯ ಕೈಗಿಟ್ಟಳು.

"ಬಳ್ಳೀನೂ ಮುದಿ, ನಾನೂ ಮುದುಕಿ. ನೀ ತಪ್ಪೆಲ್ಲಿ ಓದ್ದೆ, ಮಗಳೇ?"

ಮತ್ತೆ ಮನೆಯತ್ತ ತಿರುಗಿ ಗಟ್ಟಿಯಾಗಿ ಕೂಗಿದಳು: "ದಾಸಪ್ಪಾ, ಬಾರ್ಲಾ ಇಲ್ಲಿ! ಇನ್ನೊಂದು ರೂಲ್ಸು ಬಂದದೆ!"